ಎಂಟು ಗಂಟೆಯ ಬೆಳಕು: ಚಳಿಗಾಲದ ಫ್ರಾನ್ಸ್–ಜರ್ಮನಿ ಕಾರು ಪ್ರವಾಸವನ್ನು ನಾವು ಯೋಜಿಸಿದ ಬಗೆ

2024ರ ಆಗಸ್ಟ್ ತಿಂಗಳಿನಲ್ಲಿ ನಾನು ಹಾಕಿದ ಮೊದಲ ಯೋಜನೆಯಂತೆ ನಾವು ಪ್ಯಾರಿಸ್‌ನಲ್ಲಿ ಇಳಿದು, ಅಲ್ಲಿಂದ ಕಾರಿನಲ್ಲಿ ಮೆಟ್ಸ್, ಸ್ಟ್ರಾಸ್‌ಬರ್ಗ್, ಫ್ರೈಬರ್ಗ್, ಮ್ಯೂನಿಕ್, ನ್ಯೂರೆಂಬರ್ಗ್‌ಗಳನ್ನು ಹಾದು ಫ್ರಾಂಕ್‌ಫರ್ಟ್‌ನಿಂದ ಬೆಂಗಳೂರಿಗೆ ಮರಳಬೇಕಿತ್ತು. ಹತ್ತು ದಿನ, ಸುಮಾರು 1,500 ಕಿಲೋಮೀಟರ್. ನಕ್ಷೆಯ ಆ್ಯಪ್ ತೋರಿಸಿದ ಗಂಟೆಗಳನ್ನೆಲ್ಲ ಕೂಡಿಸಿದರೆ ದಿನಕ್ಕೆ ಎರಡು ಗಂಟೆಯ ಚಾಲನೆಯೂ ಆಗುವುದಿಲ್ಲ ಎಂದು ನಾನು ಸಮಾಧಾನದಿಂದಿದ್ದೆ. ಒಂದು ಸಂಜೆ ಹೆಂಡತಿ ಆ ಹಾಳೆಯನ್ನು ಓದಿ, "ಅಲ್ಲಿ ಕತ್ತಲಾಗುವುದು ಎಷ್ಟು ಹೊತ್ತಿಗೆ?" ಎಂದು ಕೇಳಿದಳು. ನಾನು ಅದನ್ನು ನೋಡಿರಲಿಲ್ಲ.

ಡಿಸೆಂಬರ್ ಕೊನೆಯ ವಾರದಲ್ಲಿ ಸ್ಟ್ರಾಸ್‌ಬರ್ಗ್‌ನಲ್ಲಿ ಸೂರ್ಯ ಹುಟ್ಟುವುದು ಬೆಳಗಿನ ಎಂಟೂಕಾಲರ ನಂತರ. ಮುಳುಗುವುದು ಸಂಜೆ ನಾಲ್ಕೂವರೆ ದಾಟಿ ಕೆಲವೇ ನಿಮಿಷಗಳಿಗೆ. ಅಂದರೆ ಒಟ್ಟು ಎಂಟು ಗಂಟೆ ಇಪ್ಪತ್ತು ನಿಮಿಷಗಳಷ್ಟು ಹಗಲು. ಅದೇ ದಿನ ಬೆಂಗಳೂರಿನಲ್ಲಿ ಹನ್ನೊಂದು ಗಂಟೆಗೂ ಮೀರಿದ ಬೆಳಕಿರುತ್ತದೆ. ಪರದೇಶದ ರಸ್ತೆಯಲ್ಲಿ, ನಮಗೆ ಅಭ್ಯಾಸವಿಲ್ಲದ ಬಲಬದಿಯ ಸಂಚಾರದಲ್ಲಿ, ಅರವತ್ತೆಂಟು ವರ್ಷದ ತಾಯಿ ಮತ್ತು ಹನ್ನೊಂದು ವರ್ಷದ ಮಗಳನ್ನು ಕೂರಿಸಿಕೊಂಡು ಕತ್ತಲಲ್ಲಿ ಕಾರು ಓಡಿಸುವುದಿಲ್ಲ ಎಂದು ಅಂದೇ ತೀರ್ಮಾನಿಸಿದೆವು. ಅಲ್ಲಿಂದ ಮುಂದೆ ನಮ್ಮ ಯೋಜನೆಯಲ್ಲಿ ಕಿಲೋಮೀಟರಿನ ಅಂಕಣವನ್ನು ತೆಗೆದು, ಅದರ ಜಾಗದಲ್ಲಿ ಬೆಳಕಿನ ಅಂಕಣವನ್ನು ಹಾಕಿದೆವು. ಪ್ರತಿ ದಿನಕ್ಕೂ ಬೆಳಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗಿನ ಏಳು ಗಂಟೆ ಮಾತ್ರ. ಚಾಲನೆ, ಊಟ, ನೋಡುವುದು, ದಾರಿ ತಪ್ಪುವುದು ಎಲ್ಲವೂ ಅದರೊಳಗೇ ಹಿಡಿಯಬೇಕು. ಈ ಅಳತೆ ಇಟ್ಟುಕೊಂಡ ಕೂಡಲೇ ಪ್ಯಾರಿಸ್, ಮ್ಯೂನಿಕ್, ನ್ಯೂರೆಂಬರ್ಗ್ ತಾವಾಗಿಯೇ ಬಿದ್ದುಹೋದವು. ಉಳಿದದ್ದು ರೈನ್ ನದಿಯ ಎರಡು ದಡ: ಪಶ್ಚಿಮಕ್ಕೆ ಫ್ರಾನ್ಸಿನ ಅಲ್ಸಾಸ್ ಪ್ರಾಂತ್ಯ, ಪೂರ್ವಕ್ಕೆ ಜರ್ಮನಿಯ ಬ್ಲ್ಯಾಕ್ ಫಾರೆಸ್ಟ್. ಸ್ಟ್ರಾಸ್‌ಬರ್ಗ್‌ನಿಂದ ಕೋಲ್ಮಾರ್ ಸುಮಾರು 75 ಕಿ.ಮೀ., ಕೋಲ್ಮಾರ್‌ನಿಂದ ಫ್ರೈಬರ್ಗ್ ಸುಮಾರು 50 ಕಿ.ಮೀ. ಎರಡು ದೇಶ, ಎರಡು ಭಾಷೆ, ಎರಡು ಬಗೆಯ ಅಡುಗೆ. ಆದರೆ ಯಾವ ದಿನವೂ ಊಟದ ಹೊತ್ತಿನ ನಂತರ ಸ್ಟಿಯರಿಂಗ್ ಹಿಡಿಯುವ ಅಗತ್ಯವಿಲ್ಲ.

ವೀಸಾದ ವಿಷಯದಲ್ಲಿ ಒಂದು ಸೂಕ್ಷ್ಮವಿತ್ತು. ಷೆಂಗೆನ್, ಅಂದರೆ ಸಾಮಾನ್ಯವಾಗಿ ಗಡಿ ತಪಾಸಣೆಯಿಲ್ಲದೆ ಓಡಾಡಬಹುದಾದ ಯುರೋಪಿನ ದೇಶಗಳ ಗುಂಪಿನ ವೀಸಾಕ್ಕೆ, ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು. ಎರಡೂ ಸಮನಾದರೆ ಮೊದಲು ಕಾಲಿಡುವ ದೇಶಕ್ಕೆ. ನಮ್ಮ ಎರಡನೇ ಯೋಜನೆಯಲ್ಲಿ ಫ್ರಾನ್ಸಿನಲ್ಲಿ ಐದು ರಾತ್ರಿ, ಜರ್ಮನಿಯಲ್ಲಿ ಐದು ರಾತ್ರಿ ಎಂದಾಗಿತ್ತು. ಈಗ ಇಳಿಯುವುದು ಫ್ರಾಂಕ್‌ಫರ್ಟ್‌ನಲ್ಲಾದ್ದರಿಂದ ನಿಯಮದ ಪ್ರಕಾರ ಜರ್ಮನಿಗೆ ಹಾಕಬಹುದಾಗಿದ್ದರೂ, ಕೌಂಟರಿನಲ್ಲಿ ನಿಂತು ಲೆಕ್ಕ ವಿವರಿಸುವ ಸಂದರ್ಭವೇ ಬರಬಾರದೆಂದು ಒಂದು ರಾತ್ರಿಯನ್ನು ಕೋಲ್ಮಾರ್ ಕಡೆಯಿಂದ ಫ್ರೈಬರ್ಗ್‌ಗೆ ವರ್ಗಾಯಿಸಿ ಆರು–ನಾಲ್ಕು ಮಾಡಿಕೊಂಡೆವು. ಶುಲ್ಕ ಆ ವರ್ಷದ ಜೂನ್‌ನಿಂದ ವಯಸ್ಕರಿಗೆ 90 ಯೂರೋ ಆಗಿತ್ತು. ಕನಿಷ್ಠ 30,000 ಯೂರೋ ವೈದ್ಯಕೀಯ ವೆಚ್ಚ ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಅರ್ಜಿಯನ್ನು ಆರು ತಿಂಗಳು ಮೊದಲೇ ಹಾಕಬಹುದು. ಡಿಸೆಂಬರ್ ಪ್ರಯಾಣಕ್ಕೆ ಸೆಪ್ಟೆಂಬರ್‌ನಲ್ಲೇ ಅದನ್ನು ಮುಗಿಸಿದ್ದರಿಂದ ದೀಪಾವಳಿಯ ಹೊತ್ತಿಗೆ ಪಾಸ್‌ಪೋರ್ಟ್‌ಗಳು ಮನೆಯಲ್ಲಿದ್ದವು. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ನಮ್ಮ ಆರ್‌ಟಿಒ ಕಚೇರಿಯಲ್ಲಿ ಮಾಡಿಸಿದೆ. ಅದರ ಅವಧಿ ಒಂದು ವರ್ಷ, ಮತ್ತು ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ.

ಕಾರಿನ ವಿಷಯಕ್ಕೆ ನಾನು ಅತಿ ಹೆಚ್ಚು ಸಮಯ ಕೊಟ್ಟೆ, ಅದು ಸಾರ್ಥಕವಾಯಿತು. ಒಂದು ದೇಶದಲ್ಲಿ ಪಡೆದ ಬಾಡಿಗೆ ಕಾರನ್ನು ಇನ್ನೊಂದು ದೇಶದಲ್ಲಿ ಬಿಟ್ಟರೆ ಅದಕ್ಕೆ ಪ್ರತ್ಯೇಕ ಶುಲ್ಕವಿದೆ, ಅದು ಕೆಲವೊಮ್ಮೆ ಕಾರಿನ ಬಾಡಿಗೆಯನ್ನೂ ಮೀರುತ್ತದೆ. ಹಾಗಾಗಿ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಲ್ಲಿ ಪಡೆದು ಅಲ್ಲಿಯೇ ಹಿಂದಿರುಗಿಸುವಂತೆ ದಾರಿಯನ್ನು ಒಂದು ಸುತ್ತಾಗಿ ಮಾಡಿಕೊಂಡೆವು. ಫ್ರಾನ್ಸಿಗೆ ಕೊಂಡೊಯ್ಯುತ್ತೇವೆಂದು ಮುಂಚೆಯೇ ಬರವಣಿಗೆಯಲ್ಲಿ ತಿಳಿಸಿದೆವು. ಗೇರ್ ಬದಲಿಸುವ ಚಿಂತೆ ಬೇಡವೆಂದು ಆಟೋಮ್ಯಾಟಿಕ್ ಕೇಳಿದೆವು. ಜರ್ಮನಿಯಲ್ಲಿ ಹನ್ನೆರಡು ವರ್ಷ ತುಂಬದ, 150 ಸೆಂ.ಮೀ. ಎತ್ತರ ಮುಟ್ಟದ ಮಕ್ಕಳಿಗೆ ಮಕ್ಕಳ ಸೀಟು ಬೇಕೇ ಬೇಕು. ಮಗಳು ದೊಡ್ಡವಳಾದಳೆಂದು ನಾವು ಭಾವಿಸಿದ್ದರೂ ಕಾನೂನಿನ ಕಣ್ಣಿಗೆ ಆಗಿರಲಿಲ್ಲ, ಆದ್ದರಿಂದ ಬೂಸ್ಟರ್ ಸೀಟನ್ನೂ ಕಾಯ್ದಿರಿಸಿದೆವು.

ಚಳಿಗಾಲದ ಟಯರ್ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು. ರಸ್ತೆಯಲ್ಲಿ ಹಿಮ, ಕೆಸರುಹಿಮ ಅಥವಾ ಮಂಜುಗಡ್ಡೆ ಇದ್ದಾಗ ಚಳಿಗಾಲದ ಟಯರ್ ಇಲ್ಲದೆ ಓಡಿಸುವುದು ಜರ್ಮನಿಯಲ್ಲಿ ಅಪರಾಧ. ದಂಡ ಬೀಳುವುದು ಓಡಿಸುವವನಿಗೆ. ಫ್ರಾನ್ಸಿನಲ್ಲಿ ನವೆಂಬರ್ 1ರಿಂದ ಮಾರ್ಚ್ 31ರವರೆಗೆ ಗುರುತಿಸಲಾದ ಬೆಟ್ಟ ಪ್ರದೇಶಗಳಲ್ಲಿ ಅಂಥ ಟಯರ್ ಇರಬೇಕು, ಇಲ್ಲವೇ ಚಕ್ರಕ್ಕೆ ಸುತ್ತುವ ಹಿಮದ ಸರಪಳಿ ಜೊತೆಗಿರಬೇಕು. ಮೊದಲು 'ಎಂ ಪ್ಲಸ್ ಎಸ್' (ಕೆಸರು ಮತ್ತು ಹಿಮ) ಎಂಬ ಗುರುತಿದ್ದರೆ ಸಾಕಾಗುತ್ತಿತ್ತು. 2024ರ ಶರತ್ಕಾಲದಿಂದ ಎರಡೂ ದೇಶಗಳಲ್ಲಿ ಅದು ಸಾಲದು. ಮೂರು ಶಿಖರಗಳ ಬೆಟ್ಟದ ನಡುವೆ ಹಿಮದ ಹರಳಿರುವ ಚಿಹ್ನೆಯೇ ಟಯರಿನ ಮೇಲಿರಬೇಕು. ಕಾರು ಪಡೆದ ದಿನ ನೆಲಮಾಳಿಗೆಯ ಪಾರ್ಕಿಂಗ್‌ನಲ್ಲಿ ನಾನು ಮೊಣಕಾಲೂರಿ, ಫೋನಿನ ಟಾರ್ಚ್ ಹಿಡಿದು ನಾಲ್ಕೂ ಚಕ್ರಗಳನ್ನು ಒಂದೊಂದಾಗಿ ನೋಡಿದೆ. ಮುಂದಿನ ಎರಡರಲ್ಲಿ ಬೆಟ್ಟದ ಚಿಹ್ನೆಯಿತ್ತು. ಹಿಂದಿನ ಎರಡರಲ್ಲಿ ಬರೀ ಅಕ್ಷರಗಳು, ಅದೂ ಸವೆದವು. ಕೌಂಟರಿಗೆ ಮರಳಿ ಫೋಟೋ ತೋರಿಸಿದಾಗ ಅಲ್ಲಿದ್ದವರು ವಾದಿಸದೆ ಬೇರೆ ಕಾರು ಕೊಟ್ಟರು. ಮುಕ್ಕಾಲು ಗಂಟೆ ಹೋಯಿತು. ಕಾರು ಪಡೆಯುವ ಗಡಿಬಿಡಿಯಲ್ಲಿ ಎಲ್ಲರೂ ಬಾಗಿಲಿನ ಗೀರುಗಳನ್ನು ಹುಡುಕುತ್ತಾರೆ. ಡಿಸೆಂಬರ್‌ನಲ್ಲಿ ಮೊದಲು ನೋಡಬೇಕಾದದ್ದು ಟಯರಿನ ಗೋಡೆ.

ಯಾವ ದಿನ ಓಡಿಸಬೇಕೆಂಬುದನ್ನೂ ಯೋಚಿಸಿ ಇಟ್ಟುಕೊಂಡೆವು. ಡಿಸೆಂಬರ್ 21ರ ಶನಿವಾರ ಬೆಳಗ್ಗೆ ಇಳಿದೆವು. ಹಿಂದಿನ ಸಂಜೆ ಮಾಗ್ಡೆಬರ್ಗ್‌ನ ಕ್ರಿಸ್ಮಸ್ ಸಂತೆಯ ಮೇಲೆ ಕಾರು ನುಗ್ಗಿಸಿದ ದಾಳಿಯ ಸುದ್ದಿ ವಿಮಾನದಿಂದ ಇಳಿಯುತ್ತಲೇ ಫೋನಿನಲ್ಲಿ ಕಂಡಿತು. ಅಮ್ಮ ಬಹಳ ಹೊತ್ತು ಮಾತಾಡಲಿಲ್ಲ. ರಾತ್ರಿಯಿಡೀ ನಿದ್ದೆಗೆಟ್ಟ ಚಾಲಕ ಆ ದಿನ ಕಾರು ಮುಟ್ಟಬಾರದೆಂಬುದು ನಮ್ಮ ಎರಡನೇ ಕಟ್ಟುಪಾಡಾಗಿದ್ದರಿಂದ, ವಿಮಾನ ನಿಲ್ದಾಣದಿಂದ ಅರ್ಧ ಗಂಟೆಯ ರೈಲು ಹಿಡಿದು ಮೈಂಜ್ ನಗರದಲ್ಲಿ ಉಳಿದೆವು. ಕಾರು ಪಡೆದದ್ದು 22ರ ಭಾನುವಾರ. ಇದರ ಹಿಂದೆ ಒಂದು ಕಾರಣವಿತ್ತು: ಜರ್ಮನಿಯಲ್ಲಿ ಭಾನುವಾರ ಮತ್ತು ಸಾರ್ವಜನಿಕ ರಜಾದಿನಗಳಲ್ಲಿ ರಾತ್ರಿ ಹತ್ತರವರೆಗೆ 7.5 ಟನ್ನಿಗೂ ಮೀರಿದ ಲಾರಿಗಳಿಗೆ ರಸ್ತೆಯಲ್ಲಿ ಓಡಾಟವಿಲ್ಲ. ಫ್ರಾಂಕ್‌ಫರ್ಟ್‌ನಿಂದ ಸ್ಟ್ರಾಸ್‌ಬರ್ಗ್‌ಗೆ 220 ಕಿ.ಮೀ., ಇಡೀ ಪ್ರವಾಸದ ಅತಿ ಉದ್ದದ ಓಟ. ಬಲಬದಿಯ ಸಂಚಾರದ ಮೊದಲ ಪಾಠವನ್ನು ಲಾರಿಗಳ ಸಾಲಿಲ್ಲದ ಎ5 ಆಟೋಬಾನ್‌ನಲ್ಲಿ ಕಲಿತೆ. ನಾನು ಬಲಗಡೆಯ ಲೇನ್‌ನಲ್ಲಿ ಗಂಟೆಗೆ 110 ಕಿ.ಮೀ. ವೇಗಕ್ಕೆ ನಿಂತುಬಿಟ್ಟೆ, ಎಡದಲ್ಲಿ ಹೋಗುವವರು ಹೋದರು. ಪ್ರತಿ ತಿರುವಿನಲ್ಲೂ ಪಕ್ಕದ ಸೀಟಿನಿಂದ ಹೆಂಡತಿ "ಬಲಕ್ಕೆ, ಬಲಕ್ಕೆ" ಎನ್ನುತ್ತಿದ್ದಳು. ಮೂರನೇ ದಿನದ ತನಕ ಅದು ನನಗೆ ನಿಜವಾಗಿಯೂ ಬೇಕಿತ್ತು.

ಈ ದಾರಿಯಲ್ಲಿ ನಮಗೆ ಸುಂಕ ಬರಲಿಲ್ಲ. ಜರ್ಮನಿಯ ಹೆದ್ದಾರಿಗಳಲ್ಲಿ ಕಾರುಗಳಿಗೆ ಸುಂಕವಿಲ್ಲ; ಫ್ರಾನ್ಸಿನಲ್ಲಿ ಹಲವು ಹೆದ್ದಾರಿಗಳಿಗೆ ಇದ್ದರೂ ಸ್ಟ್ರಾಸ್‌ಬರ್ಗ್–ಕೋಲ್ಮಾರ್ ನಡುವಿನ ಎ35 ಉಚಿತ. ನಕ್ಷೆಯ ಆ್ಯಪ್ ಮಾತ್ರ ಒಮ್ಮೊಮ್ಮೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮೂಲಕ ಕರೆದೊಯ್ಯುವ ಸಾಧ್ಯತೆಯಿರುವುದರಿಂದ ಎಚ್ಚರ ಬೇಕು; ಅಲ್ಲಿನ ಹೆದ್ದಾರಿಗೆ 40 ಫ್ರಾಂಕ್‌ಗಳ ವರ್ಷದ ಚೀಟಿ ಕೊಳ್ಳಲೇಬೇಕು. ಫ್ರೈಬರ್ಗ್‌ನ ಒಳಗೆ ಹೋಗಲು ಆಗ ಗಾಜಿನ ಮೇಲೆ, ಕಡಿಮೆ ಹೊಗೆಯ ಕಾರೆಂದು ತೋರಿಸುವ ಹಸಿರು ಮಾಲಿನ್ಯ ಚೀಟಿ ಇರಬೇಕಿತ್ತು, ಅದು ಜರ್ಮನಿಯ ಬಾಡಿಗೆ ಕಾರಿನಲ್ಲಿ ಇದ್ದೇ ಇತ್ತು. ಫ್ರಾನ್ಸಿನ ನಗರಗಳದು ಬೇರೆಯದೇ ಚೀಟಿ, ಒಂದು ಇನ್ನೊಂದಕ್ಕೆ ಬದಲಿಯಾಗದು. ಇದನ್ನು ಕಾರು ಕಾಯ್ದಿರಿಸುವಾಗಲೇ ಕೇಳಿಕೊಳ್ಳಬೇಕು.

ಸ್ಟ್ರಾಸ್‌ಬರ್ಗ್‌ನ ಹಳೆಯ ಊರು ಇಲ್ ನದಿಯ ಎರಡು ಕವಲುಗಳ ನಡುವಿನ ದ್ವೀಪ. 1570ರಿಂದ ಕ್ರಿಸ್ಮಸ್ ಸಂತೆ ನಡೆಯುತ್ತಿರುವ ಆ ದ್ವೀಪಕ್ಕೆ ಸಂತೆಯ ಹೊತ್ತಿನಲ್ಲಿ ಹೊರಗಿನ ವಾಹನಗಳನ್ನು ಬಿಡುವುದಿಲ್ಲ. ಸೇತುವೆಗಳ ಮೇಲೆ ಚೀಲಗಳ ತಪಾಸಣೆಯೂ ಇರುತ್ತದೆ. ಊರಂಚಿನ ಪಾರ್ಕಿಂಗ್‌ನಲ್ಲಿ ಕಾರು ನಿಲ್ಲಿಸಿ ಟ್ರಾಮ್ ಹಿಡಿಯುವುದೇ ಸರಿ. ನಿಲುಗಡೆಯ ಚೀಟಿಯಲ್ಲೇ ಕಾರಿನಲ್ಲಿದ್ದವರೆಲ್ಲರ ಟ್ರಾಮ್ ಪ್ರಯಾಣವೂ ಸೇರಿರುತ್ತದೆ. ಎರಡು ದಿನ ನಾವು ಕಾರನ್ನು ಮುಟ್ಟಲೇ ಇಲ್ಲ. 1647ರಿಂದ 1874ರವರೆಗೆ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿದ್ದ, 142 ಮೀಟರ್ ಎತ್ತರದ ಕ್ಯಾಥೆಡ್ರಲ್‌ನೊಳಗೆ ಮಧ್ಯಾಹ್ನ ಹನ್ನೆರಡೂವರೆಗೆ ಖಗೋಳ ಗಡಿಯಾರದ ಅಪೊಸ್ತಲರ (ಕ್ರಿಸ್ತನ ಶಿಷ್ಯರ) ಗೊಂಬೆಗಳು ಒಂದೊಂದಾಗಿ ಕ್ರಿಸ್ತನ ಮುಂದೆ ಸಾಗುವುದನ್ನು ಮಗಳು ಕತ್ತು ಮೇಲೆತ್ತಿಕೊಂಡು ನೋಡಿದಳು. ಹಗಲು ಇಷ್ಟು ಕಿರಿದಾದರೂ ಇಲ್ಲಿನ ಚಳಿಗಾಲ ಮಂಕೆನಿಸದಿರಲು ಕಾರಣ ಈ ಸಂತೆಗಳು: ನಾಲ್ಕೂವರೆಗೆ ಕತ್ತಲಾಗುತ್ತಲೇ ದೀಪಗಳು ಹತ್ತಿಕೊಳ್ಳುತ್ತವೆ. ಕಾಲ್ನಡಿಗೆಗೆ ಸಿಗುವ ದೂರದಲ್ಲಿ ಕೋಣೆ ಹಿಡಿದಿದ್ದರೆ ಸಂಜೆಯೆಲ್ಲ ನಮ್ಮದೇ. ಹೋಟೆಲ್ ಬಾಡಿಗೆಯಲ್ಲಿ ಉಳಿತಾಯ ಮಾಡಹೋಗಿ ಊರ ಹೊರಗೆ ಉಳಿದರೆ ಆ ಸಂಜೆಗಳು ಕೈತಪ್ಪುತ್ತವೆ. ನಾವು ಬೇರೆ ಎಲ್ಲ ಕಡೆ ಹಣ ಹಿಡಿದು, ಇಲ್ಲಿ ಧಾರಾಳವಾಗಿ ಕೊಟ್ಟೆವು.

ಊಟದ ಯೋಜನೆ ಪಂಚಾಂಗದೊಂದಿಗೆ ಹೆಣೆದುಕೊಂಡಿತ್ತು. ಜರ್ಮನಿಯಲ್ಲಿ ಡಿಸೆಂಬರ್ 25 ಮತ್ತು 26 ಎರಡೂ ರಜೆ, 24ರ ಮಧ್ಯಾಹ್ನದಿಂದಲೇ ಅಂಗಡಿಗಳು ಮುಚ್ಚುತ್ತವೆ. ಫ್ರಾನ್ಸಿನ ಉಳಿದ ಭಾಗಗಳಲ್ಲಿ 26 ಕೆಲಸದ ದಿನ. ಅಲ್ಸಾಸ್ ಮತ್ತು ಪಕ್ಕದ ಮೊಸೆಲ್‌ನಲ್ಲಿ ಮಾತ್ರ, ಅವು 1871ರಿಂದ 1918ರವರೆಗೆ ಜರ್ಮನಿಯ ಆಡಳಿತದಲ್ಲಿದ್ದ ಕಾಲದ ಕಾನೂನಿನ ಉಳಿಕೆಯಾಗಿ, ಅಂದೂ ರಜೆ. ಈ ಒಂದು ಸಂಗತಿ ಗೊತ್ತಿಲ್ಲದೆ ಹೋಗಿದ್ದರೆ ನಾವು 26ರಂದು ಹಾಲಿಗೂ ಅಲೆಯಬೇಕಾಗುತ್ತಿತ್ತು. ಆದ್ದರಿಂದ 24 ಮತ್ತು 25ರ ರಾತ್ರಿಗಳಿಗೆ ಕೋಲ್ಮಾರ್ ಬಳಿಯ ಕೈಸರ್ಸ್‌ಬರ್ಗ್‌ನಲ್ಲಿ ಅಡುಗೆಮನೆಯಿರುವ ಪುಟ್ಟ ಮನೆಯನ್ನು ಹಿಡಿದು, 24ರ ಬೆಳಗ್ಗೆಯೇ ಮೂರು ದಿನದ ದಿನಸಿ ಕೊಂಡೆವು. ಬೆಂಗಳೂರಿನಿಂದ ಅಕ್ಕಿ, ತೊಗರಿಬೇಳೆ, ಸಾರಿನ ಪುಡಿ, ಅವಲಕ್ಕಿ ತಂದಿದ್ದೆವು. ಅಮ್ಮ ಕಟ್ಟಿಟ್ಟಿದ್ದ ತುಪ್ಪದ ಡಬ್ಬಿಯನ್ನೂ ಕರಿಬೇವನ್ನೂ ಮನೆಯಲ್ಲೇ ಬಿಡಿಸಿದ್ದೆ, ಏಕೆಂದರೆ ಹೊರಗಿನಿಂದ ಬರುವ ಪ್ರಯಾಣಿಕರು ಹಾಲಿನ ಉತ್ಪನ್ನಗಳನ್ನೂ ಹಸಿ ಎಲೆಗಳನ್ನೂ ಯುರೋಪಿಯನ್ ಒಕ್ಕೂಟದೊಳಗೆ ಹೀಗೆ ತರುವಂತಿಲ್ಲ. ಅವರಿಗೆ ಅದು ಸಂಕಟವೇ ಆಯಿತು. ನಾನು ಯೋಚಿಸದೆ ಬಿಟ್ಟ ವಿಷಯ ಇನ್ನೊಂದು: ತಂದಿದ್ದ ಪುಟ್ಟ ಕುಕ್ಕರ್ ಅಲ್ಯೂಮಿನಿಯಮ್‌ನದು, ಆ ಮನೆಯ ಒಲೆ ಇಂಡಕ್ಷನ್. ಎಷ್ಟು ಬಾರಿ ಇಟ್ಟರೂ ಒಲೆ ಅದನ್ನು ಗುರುತಿಸಲಿಲ್ಲ. ಅಲ್ಲಿದ್ದ ದಪ್ಪ ತಳದ ಪಾತ್ರೆಯಲ್ಲಿ ಬೇಳೆ ಬೇಯಲು ಒಂದು ಗಂಟೆ ಹಿಡಿಯಿತು. ಹೊರಗೆ ಚರ್ಚಿನ ಗಂಟೆ ಬಾರಿಸುತ್ತಿದ್ದಾಗ ನಾವು ಅನ್ನ, ಟೊಮೇಟೊ ಸಾರು ಉಂಡೆವು. ಸಸ್ಯಾಹಾರಿಗಳಿಗೆ ಹೊರಗೂ ತೊಂದರೆಯಿಲ್ಲ: ಅಲ್ಸಾಸ್‌ನ ತೆಳ್ಳನೆಯ ರೊಟ್ಟಿಯಂಥ ತಾರ್ತ್ ಫ್ಲಾಂಬೆಯನ್ನು ಹಂದಿಮಾಂಸದ ಚೂರುಗಳಿಲ್ಲದೆ ಮಾಡಿಕೊಡಿ ಎಂದರೆ ಮಾಡಿಕೊಡುತ್ತಾರೆ, ಜರ್ಮನ್ ಸಂತೆಗಳಲ್ಲಿ ಸೇಬಿನ ಗೊಜ್ಜಿನೊಂದಿಗೆ ಕೊಡುವ ಆಲೂಗಡ್ಡೆಯ ರೊಟ್ಟಿ ನಮ್ಮ ನಾಲಿಗೆಗೆ ಬಹಳ ಹಿಡಿಸಿತು.

25ರಂದು ದ್ರಾಕ್ಷಿ ತೋಟಗಳ ನಡುವಿನ ದಾರಿಯಲ್ಲಿ ರಿಕ್ವಿರ್ ಹಳ್ಳಿಯವರೆಗೆ ಹೋಗಿ ಬಂದೆವು. ಮೊದಲ ಯೋಜನೆಯಲ್ಲಿ ಆ ದಿನಕ್ಕೆ ವೋಜ್ ಬೆಟ್ಟಸಾಲಿನ ನೆತ್ತಿಯ ರಸ್ತೆಯಿತ್ತು. ಮೊದಲ ಮಹಾಯುದ್ಧದಲ್ಲಿ ಫ್ರೆಂಚ್ ಸೇನೆಗಾಗಿ ಕಟ್ಟಿದ ಆ ರಸ್ತೆ 1,424 ಮೀಟರ್ ಎತ್ತರದ ಗ್ರಾಂ ಬಲೋಂ ಶಿಖರದ ಬಳಿ ಹಾಯುತ್ತದೆ. ಚಿತ್ರಗಳಲ್ಲಿ ನೋಡಿ ಆಸೆಪಟ್ಟಿದ್ದೆ. ಆದರೆ ಚಳಿಗಾಲದಲ್ಲಿ ಹಿಮದಿಂದಾಗಿ ಅದರ ಬಹುಭಾಗವನ್ನು ಮುಚ್ಚಿಬಿಡುತ್ತಾರೆ. ಆಗಸ್ಟ್‌ನಲ್ಲಿ ಆ್ಯಪ್ ಅದನ್ನು ತೆರೆದ ರಸ್ತೆಯಾಗಿಯೇ ತೋರಿಸುತ್ತಿತ್ತು, ಏಕೆಂದರೆ ಆಗಸ್ಟ್‌ನಲ್ಲಿ ಅದು ತೆರೆದೇ ಇತ್ತು. ಬೇಸಿಗೆಯಲ್ಲಿ ಕುಳಿತು ಚಳಿಗಾಲದ ಯೋಜನೆ ಮಾಡುವವರು ಪ್ರತಿ ಬೆಟ್ಟದ ರಸ್ತೆಯ ಬಗ್ಗೆಯೂ ಸ್ಥಳೀಯ ಆಡಳಿತದ ಮಾಹಿತಿಯನ್ನು ಹುಡುಕಿಯೇ ಬರೆದುಕೊಳ್ಳಬೇಕು.

26ರಂದು ರೈನ್ ದಾಟಿ ಫ್ರೈಬರ್ಗ್‌ಗೆ ಬಂದೆವು. ಸೇತುವೆಯ ಆಚೆ ಜರ್ಮನ್ ಪೊಲೀಸರು ಕಾರು ನಿಲ್ಲಿಸಿ ಪಾಸ್‌ಪೋರ್ಟ್ ನೋಡಿದರು. ಆ ವರ್ಷದ ಸೆಪ್ಟೆಂಬರ್‌ನಿಂದ ಜರ್ಮನಿ ತನ್ನ ಎಲ್ಲ ಭೂಗಡಿಗಳಲ್ಲೂ ತಪಾಸಣೆ ಆರಂಭಿಸಿತ್ತು. ಷೆಂಗೆನ್ ಎಂದಮಾತ್ರಕ್ಕೆ ಪಾಸ್‌ಪೋರ್ಟ್‌ಗಳನ್ನು ಸೂಟ್‌ಕೇಸಿನ ತಳದಲ್ಲಿ ಇಡಬಾರದು. ಅಂದಿನಿಂದ ಹವಾಮಾನ ಬದಲಾಯಿತು. ಗಾಳಿ ನಿಂತು, ಕಣಿವೆಯ ತುಂಬ ಬೂದು ಮಂಜು ಕವಿದು, ಮರುದಿನ ಬೆಳಗ್ಗೆ ಕಾರಿನ ಮುಂಗಾಜಿನ ಮೇಲೆ ಬೆರಳಿನ ಉಗುರಿಗೂ ಸಿಗದ ಗಟ್ಟಿ ಪದರ ಕೂತಿತ್ತು. ಬಿಸಿನೀರು ಸುರಿದರೆ ಗಾಜು ಸೀಳಬಹುದು. ಎಂಜಿನ್ ಚಾಲೂ ಮಾಡಿ ನಿಲ್ಲಿಸಿ ಗಾಜು ಕರಗಿಸುವುದಕ್ಕೆ ಜರ್ಮನಿಯಲ್ಲಿ ಅನುಮತಿಯಿಲ್ಲ. ಮೂರು ಯೂರೋ ಕೊಟ್ಟು ಪೆಟ್ರೋಲ್ ಬಂಕಿನಲ್ಲಿ ಕೊಂಡ ಪ್ಲಾಸ್ಟಿಕ್ ಕೆರೆಗೋಲಿನಿಂದ ನಾನೂ ಮಗಳೂ ಎರಡು ಬದಿಯಿಂದ ಕೆರೆದೆವು. ಮಂಜು ಬಿಳಿ ಸುರುಳಿಗಳಾಗಿ, ತೆಂಗಿನಕಾಯಿ ತುರಿಯಂತೆ ಕೆಳಗೆ ಬೀಳುತ್ತಿತ್ತು. ಇಡೀ ಗಾಜು, ಕನ್ನಡಿಗಳು, ದೀಪಗಳು ತಿಳಿಯಾಗಲು ಹನ್ನೆರಡು ನಿಮಿಷ ಬೇಕಾಯಿತು, ಅಂದಿನಿಂದ ಹೊರಡುವ ಹೊತ್ತಿಗೆ ಕಾಲು ಗಂಟೆ ಸೇರಿಸಿದೆವು. ಗಾಜು ತೊಳೆಯುವ ನೀರಿಗೂ ಹೆಪ್ಪುಗಟ್ಟದ ದ್ರಾವಣವನ್ನೇ ಹಾಕಿಸಬೇಕು.

ಮಂಜಿನಲ್ಲಿ ಓಡಿಸುವುದು ಚಾರ್ಮಾಡಿ, ಆಗುಂಬೆ ನೋಡಿದವರಿಗೆ ಹೊಸದಲ್ಲ, ಆದರೆ ಇಲ್ಲಿನ ಮಂಜು ಅಲುಗುವುದಿಲ್ಲ ಮತ್ತು ರಸ್ತೆ ಹೆಪ್ಪುಗಟ್ಟಿರಬಹುದು. ನೋಟ 50 ಮೀಟರಿಗಿಂತ ಕಡಿಮೆಯಾದರೆ ಎರಡೂ ದೇಶಗಳಲ್ಲಿ ಗಂಟೆಗೆ 50 ಕಿ.ಮೀ. ಮೀರುವಂತಿಲ್ಲ. ಜರ್ಮನಿಯ ಹೆದ್ದಾರಿಗಳ ಬದಿಯಲ್ಲಿ ನೆಟ್ಟಿರುವ ಬಿಳಿ ಪ್ರತಿಫಲಕ ಕಂಬಗಳ ನಡುವಿನ ಅಂತರ ಸಾಮಾನ್ಯವಾಗಿ 50 ಮೀಟರ್. ಒಂದು ಕಂಬದ ಬಳಿ ಇರುವಾಗ ಮುಂದಿನದು ಕಾಣದಿದ್ದರೆ ನಿಯಮ ಜಾರಿಗೆ ಬಂತೆಂದೇ ತಿಳಿಯಬೇಕು. ಈ ಅಳತೆಗೋಲು ನನಗೆ ಧೈರ್ಯ ಕೊಟ್ಟಷ್ಟು ಬೇರೇನೂ ಕೊಡಲಿಲ್ಲ.

28ರಂದು ಶಾವಿನ್ಸ್‌ಲಾಂಡ್ ಬೆಟ್ಟಕ್ಕೆ ಹೊರಟೆವು. ಎತ್ತರ 1,284 ಮೀಟರ್. ಮೇಲಿನವರೆಗೂ ಕಾರಿನ ರಸ್ತೆಯಿದೆ. ನೆರಳಿನ ತಿರುವುಗಳಲ್ಲಿ ಮಂಜುಗಡ್ಡೆ ಇರಬಹುದೆಂದು ಕಾರನ್ನು ಫ್ರೈಬರ್ಗ್‌ನಲ್ಲೇ ಬಿಟ್ಟು, ಟ್ರಾಮ್ ಮತ್ತು ಬಸ್ಸಿನಲ್ಲಿ ಕೇಬಲ್ ಕಾರಿನ ಕೆಳನಿಲ್ದಾಣಕ್ಕೆ ಹೋದೆವು. 1930ರಿಂದ ಓಡುತ್ತಿರುವ ಈ ಕೇಬಲ್ ಮಾರ್ಗದ ಉದ್ದ 3.6 ಕಿ.ಮೀ. ಮೊದಲ ಹತ್ತು ನಿಮಿಷ ಗಾಜಿನಾಚೆ ಏನೂ ಇರಲಿಲ್ಲ; ಹಿಮ ಹೊತ್ತ ಒಂದೊಂದೇ ಫರ್ ಮರ ಹತ್ತಿರ ಬಂದು ಮರೆಯಾಗುತ್ತಿತ್ತು. ಅಮ್ಮ ಶಾಲನ್ನು ಬಿಗಿಯಾಗಿ ಹಿಡಿದು ಕುಳಿತಿದ್ದರು. ನಂತರ ಬೂದು ಬಣ್ಣ ಹಾಲಿನ ಬಣ್ಣವಾಯಿತು, ಹಾಲು ತೆಳುವಾಯಿತು, ನಾವು ನೇರ ಬಿಸಿಲಿಗೆ ಬಂದುಬಿಟ್ಟೆವು. ಕೆಳಗೆ ರೈನ್ ಕಣಿವೆಯೆಲ್ಲ ಮಂಜಿನ ಕಡಲು. ಅದರಾಚೆ ವೋಜ್ ಬೆಟ್ಟಗಳ ನೆತ್ತಿ ದ್ವೀಪಗಳಂತೆ. ದಕ್ಷಿಣಕ್ಕೆ ಆಲ್ಪ್ಸ್‌ನ ಬಿಳಿ ಸಾಲು. ಗಾಳಿಗೆ ಒಂದೇ ಕಡೆಗೆ ಬಾಗಿ ಬೆಳೆದ ಬೀಚ್ ಮರಗಳ ಕೆಳಗೆ ಅಮ್ಮ ಸ್ವೆಟರ್ ಗುಂಡಿ ಬಿಚ್ಚಿ ಬೆಂಚಿನ ಮೇಲೆ ಕುಳಿತರು. ಚಳಿಗಾಲದಲ್ಲಿ ತಣ್ಣನೆಯ ಭಾರದ ಗಾಳಿ ಕಣಿವೆಯಲ್ಲಿ ಸಿಕ್ಕಿಕೊಂಡು, ಬೆಚ್ಚನೆಯ ಗಾಳಿ ಅದರ ಮೇಲೆ ಮುಚ್ಚಳದಂತೆ ಕುಳಿತಾಗ ಹೀಗಾಗುತ್ತದೆ: ಊರಿನಲ್ಲಿ ಮಂಕು, ಬೆಟ್ಟದ ಮೇಲೆ ಬಿಸಿಲು. ಫ್ರೈಬರ್ಗ್‌ನಲ್ಲಿ ನಾಲ್ಕು ರಾತ್ರಿ ಇಟ್ಟುಕೊಂಡದ್ದರ ಪ್ರಯೋಜನ ಅಂದು ಕಂಡಿತು. ಬೆಟ್ಟದ ದಿನವನ್ನು ಮುಂಚೆಯೇ ಗೊತ್ತುಮಾಡದೆ, ಹಿಂದಿನ ರಾತ್ರಿ ಶಿಖರದ ವೆಬ್ ಕ್ಯಾಮೆರಾ ನೋಡಿ ನಿರ್ಧರಿಸಿದ್ದೆವು.

ಉಳಿದ ದಿನಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಟಿಟಿಸೀ ಸರೋವರ ಚೆನ್ನಾಗಿದೆ, ಜನಜಂಗುಳಿಯೂ ಇದೆ. 30ರಂದು ಹೈಡೆಲ್‌ಬರ್ಗ್‌ಗೆ ಮಂಜು ತಿಳಿಯಾಗಲೆಂದು ಹತ್ತು ಗಂಟೆಯವರೆಗೆ ಕಾದು ಹೊರಟು, ಕೋಟೆಯನ್ನು ಸೇತುವೆಯ ಮೇಲಿಂದಷ್ಟೇ ನೋಡಿ ತೃಪ್ತಿಪಟ್ಟೆವು.

31ರ ಬೆಳಗ್ಗೆ ಬೆಳಕು ಹರಿದ ಮೇಲೆಯೇ ಹೊರಟು, 80 ಕಿ.ಮೀ. ದೂರದ ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣವನ್ನು ಆರಾಮವಾಗಿ ತಲುಪಿದೆವು. ಟ್ಯಾಂಕ್ ತುಂಬಿಸಿ, ನಾಲ್ಕೂ ಬದಿಯ ಫೋಟೋ ತೆಗೆದು ಕಾರನ್ನು ಒಪ್ಪಿಸಿದಾಗ ಒಟ್ಟು ಓಡಿದ್ದು 760 ಕಿ.ಮೀ. ಮೊದಲ ಯೋಜನೆಯ ಅರ್ಧ. ಕೆರೆಗೋಲನ್ನು ಮಗಳು ತನ್ನ ಚೀಲಕ್ಕೆ ಹಾಕಿಕೊಂಡಿದ್ದಳು. ಆಮೇಲೆ ಏನೋ ಯೋಚಿಸಿ, ಬಾಗಿಲು ತೆರೆದು, ಮುಂದಿನ ಚಾಲಕನಿಗೆ ಸಿಗಲೆಂದು ಅದನ್ನು ಸೀಟಿನ ಪಕ್ಕದ ಗೂಡಿನಲ್ಲಿ ಇಟ್ಟು ಬಂದಳು.